32-ಬಿಟ್ ಸರ್ವರ್ ಬದಲಿಸಬೇಕೋ, ಅಪ್ಲಿಕೇಶನ್‌ಗಳನ್ನು ವರ್ಚುವಲೈಸ್ ಮಾಡಿದರೆ ಸಾಕೋ?

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಸುಮಾರು 80 ಜನ ಎರಡು ಟರ್ಮಿನಲ್ ಸರ್ವರ್‌ಗಳಿಗೆ ಲಾಗಿನ್ ಆಗಿ ಕೆಲಸ ಮಾಡುತ್ತಾರೆ. ಎರಡರಲ್ಲೂ ವಿಂಡೋಸ್ ಸರ್ವರ್ 2008ರ 32-ಬಿಟ್ ಎಂಟರ್‌ಪ್ರೈಸ್ ಆವೃತ್ತಿ, 16 ಜಿಬಿ ರ‍್ಯಾಮ್ ಇದೆ. ಒಂದು ಸರ್ವರ್‌ಗೆ 35 ಜನ ದಾಟುತ್ತಿದ್ದಂತೆ ಹೊಸಬರಿಗೆ ಲಾಗಿನ್ ಸಿಗುವುದಿಲ್ಲ, ಒಳಗಿದ್ದವರ ಪ್ರಿಂಟ್ ನಿಂತುಹೋಗುತ್ತದೆ. ಟಾಸ್ಕ್ ಮ್ಯಾನೇಜರ್ ನೋಡಿದರೆ ಇನ್ನೂ 6 ಜಿಬಿ ಖಾಲಿ ಇರುತ್ತದೆ! ಲೆಕ್ಕಪತ್ರದ ತಂತ್ರಾಂಶ, ದಾಸ್ತಾನಿನ ತಂತ್ರಾಂಶ ಎರಡೂ ವಿಬಿ6ನಲ್ಲಿ (ವಿಷುವಲ್ ಬೇಸಿಕ್ 6) ಬರೆದವು. ಒಂದೇ ಓಸಿಎಕ್ಸ್ ಫೈಲಿನ (ತಂತ್ರಾಂಶಗಳು ಹಂಚಿಕೊಂಡು ಬಳಸುವ ಬಿಡಿಭಾಗ) ಬೇರೆ ಬೇರೆ ಆವೃತ್ತಿ ಬೇಡುತ್ತವೆ ಎಂದು ಅವನ್ನು ಬೇರೆ ಬೇರೆ ಸರ್ವರ್ ಮೇಲೆ ಹಾಕಿದ್ದೇವೆ. ಸಂಬಳದ ತಂತ್ರಾಂಶಕ್ಕೆ ಯುಎಸ್‌ಬಿ ಡಾಂಗಲ್ (ಪರವಾನಗಿ ಖಾತ್ರಿಪಡಿಸುವ ಪುಟ್ಟ ಸಾಧನ) ಬೇಕು. ಜೊತೆಗೆ ತೀರಾ ಹಳೆಯದೊಂದು 16-ಬಿಟ್ ವರದಿ ಪ್ರೋಗ್ರಾಂ ಇದೆ. ಒಬ್ಬರು 64-ಬಿಟ್ ಸರ್ವರ್‌ಗೆ ಹೋಗಿ ಅನ್ನುತ್ತಾರೆ. ಇನ್ನೊಬ್ಬರು ಸರ್ವರ್ ಮುಟ್ಟುವುದೇ ಬೇಡ, ಅಪ್ಲಿಕೇಶನ್ ವರ್ಚುವಲೈಸೇಶನ್ ಮಾಡಿ ಅನ್ನುತ್ತಾರೆ. ಎರಡಕ್ಕೂ ದುಡ್ಡು ಹಾಕುವ ಸ್ಥಿತಿಯಲ್ಲಿ ನಾವಿಲ್ಲ. ಯಾವುದನ್ನು ಆರಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಂದಾಗಿ ಸೇರಿಕೊಂಡಿವೆ. 35 ಜನಕ್ಕೇ ಸರ್ವರ್ ಕೈಚೆಲ್ಲುವುದು ಒಂದು. ಎರಡು ತಂತ್ರಾಂಶ ಒಂದೇ ಯಂತ್ರದಲ್ಲಿ ಹೊಂದಿಕೊಳ್ಳದಿರುವುದು ಇನ್ನೊಂದು. ಡಾಂಗಲ್ ಮತ್ತು 16-ಬಿಟ್ ಪ್ರೋಗ್ರಾಂ ಮೂರನೆಯದು. ಮೊದಲನೆಯದಕ್ಕೆ 64-ಬಿಟ್ ಬಿಟ್ಟರೆ ಬೇರೆ ಮದ್ದಿಲ್ಲ. ಎರಡನೆಯದಕ್ಕೆ ಅಪ್ಲಿಕೇಶನ್ ವರ್ಚುವಲೈಸೇಶನ್ (ತಂತ್ರಾಂಶವನ್ನು ತನ್ನದೇ ಫೈಲು, ನೋಂದಣಿಗಳ ಸಮೇತ ಪ್ರತ್ಯೇಕ ಪ್ಯಾಕೇಜ್‌ನಲ್ಲಿಟ್ಟು ಓಡಿಸುವುದು) ನಾಟುತ್ತದೆ. ಮೂರನೆಯದಕ್ಕೆ ಎರಡೂ ನಾಟುವುದಿಲ್ಲ. ಇಬ್ಬರು ಸಲಹೆಗಾರರೂ ತಮಗೆ ಕಂಡ ತೊಂದರೆಗೆ ಸರಿಯಾದ ಮದ್ದನ್ನೇ ಹೇಳಿದ್ದಾರೆ, ಆದರೆ ಒಂದರ ಮದ್ದಿನಿಂದ ಇನ್ನೊಂದು ವಾಸಿಯಾಗುವುದಿಲ್ಲ. ಆದ್ದರಿಂದ ಮೊದಲು 64-ಬಿಟ್‌ಗೆ ಹೋಗಿ. ಅಲ್ಲಿ ಹೊಂದದೆ ಉಳಿಯುವ ಒಂದೇ ಒಂದು ತಂತ್ರಾಂಶವನ್ನು ಮಾತ್ರ ವರ್ಚುವಲೈಸ್ ಮಾಡಿ. ಇದಕ್ಕೆ ಎರಡು ಯೋಜನೆಗಳ ಖರ್ಚು ಬರುವುದಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ.

6 ಜಿಬಿ ಖಾಲಿ ಇದ್ದೂ ಸರ್ವರ್ ಯಾಕೆ ನಿಲ್ಲುತ್ತದೆ?

32-ಬಿಟ್ ವಿಳಾಸದಿಂದ ಗುರುತಿಸಬಹುದಾದದ್ದು ಒಟ್ಟು 4 ಜಿಬಿ. ವಿಂಡೋಸ್ ಅದನ್ನು ಎರಡು ಪಾಲು ಮಾಡುತ್ತದೆ: 2 ಜಿಬಿ ಪ್ರೋಗ್ರಾಂಗೆ, 2 ಜಿಬಿ ಕರ್ನಲ್‌ಗೆ, ಅಂದರೆ ವಿಂಡೋಸ್‌ನ ತಿರುಳಿಗೆ. ಪ್ರೋಗ್ರಾಂನ 2 ಜಿಬಿ ಪ್ರತಿ ಪ್ರಾಸೆಸ್‌ಗೂ ಪ್ರತ್ಯೇಕವಾಗಿ ಸಿಗುತ್ತದೆ. ಕರ್ನಲ್‌ನ 2 ಜಿಬಿ ಮಾತ್ರ ಇಡೀ ಯಂತ್ರಕ್ಕೆ ಒಂದೇ. ಲಾಗಿನ್ ಆದ ಪ್ರತಿಯೊಬ್ಬರ ರಿಜಿಸ್ಟ್ರಿ ಹೈವ್ (ಅವರವರ ಸೆಟ್ಟಿಂಗ್‌ಗಳ ಕಡತ), ತೆರೆದ ಫೈಲುಗಳ ಹ್ಯಾಂಡಲ್‌ಗಳು, ಪರದೆಯ ಚಿತ್ರಣಕ್ಕೆ ಬೇಕಾದ ಸೆಷನ್ ಜಾಗ, ರೀಡೈರೆಕ್ಟ್ ಆದ ಪ್ರಿಂಟರ್‌ಗಳು, ಇವೆಲ್ಲ ಆ ಒಂದೇ 2 ಜಿಬಿಯಿಂದ ಹೋಗಬೇಕು. 35 ಜನ ಬರುವಷ್ಟರಲ್ಲಿ ಅದು ಬರಿದಾಗುತ್ತದೆ. ರ‍್ಯಾಮ್ ಖಾಲಿ ಬಿದ್ದಿರುತ್ತದೆ, ಆದರೆ ಅದನ್ನು ಕರೆಯಲು ಕರ್ನಲ್ ಬಳಿ ವಿಳಾಸ ಉಳಿದಿರುವುದಿಲ್ಲ.

"ಪಿಎಇ ಇದೆಯಲ್ಲ, 64 ಜಿಬಿವರೆಗೆ ರ‍್ಯಾಮ್ ಹಾಕಬಹುದಲ್ಲ" ಎಂದು ನಿಮಗೆ ಯಾರಾದರೂ ಹೇಳಿರಬಹುದು. ಎಂಟರ್‌ಪ್ರೈಸ್ ಆವೃತ್ತಿ ಪಿಎಇ (32-ಬಿಟ್ ವಿಂಡೋಸ್ 4 ಜಿಬಿಗಿಂತ ಹೆಚ್ಚು ರ‍್ಯಾಮ್ ಬಳಸುವಂತೆ ಮಾಡುವ ಏರ್ಪಾಡು) ಮೂಲಕ ಅಷ್ಟು ರ‍್ಯಾಮ್ ನೋಡಬಲ್ಲದು ಎಂಬುದು ನಿಜ. ಕರ್ನಲ್‌ನ ವಿಳಾಸದ ಜಾಗ ಮಾತ್ರ ಆಗಲೂ 2 ಜಿಬಿಯೇ. ಅದಕ್ಕಿಂತ ಮುಖ್ಯವಾಗಿ, ರ‍್ಯಾಮ್ ಹೆಚ್ಚಿದಷ್ಟೂ ಒಂದೊಂದು ಪೇಜಿನ (ಮೆಮೊರಿಯ ಸಣ್ಣ ತುಂಡಿನ) ಲೆಕ್ಕ ಇಡುವ ಪಟ್ಟಿ ದೊಡ್ಡದಾಗುತ್ತದೆ, ಆ ಪಟ್ಟಿಯೂ ಕೂರುವುದು ಅದೇ 2 ಜಿಬಿಯಲ್ಲಿ. ನಿಮ್ಮ ಪರಿಸ್ಥಿತಿಯಲ್ಲಿ ರ‍್ಯಾಮ್ ಸೇರಿಸಿದರೆ ಲಾಗಿನ್ ಆಗುವವರ ಸಂಖ್ಯೆ ಒಂದಿಷ್ಟು ಕಡಿಮೆಯೂ ಆಗಬಹುದು. ಬೂಟ್ ಸೆಟ್ಟಿಂಗ್ ಬದಲಿಸುವ ಬಿಸಿಡಿಎಡಿಟ್‌ನಲ್ಲಿ ಇಂಕ್ರೀಸ್‌ಯೂಸರ್‌ವಿಎ 3072 ಕೊಡುವ ಉಪಾಯವಂತೂ ಟರ್ಮಿನಲ್ ಸರ್ವರ್‌ಗೆ ಕೆಟ್ಟದ್ದು, ಕರ್ನಲ್‌ನ ಪಾಲನ್ನು 1 ಜಿಬಿಗೆ ಇಳಿಸುತ್ತದೆ. ಹಿಂದೆ ಯಾರಾದರೂ ಅದನ್ನು ಹಾಕಿಟ್ಟಿದ್ದಾರೋ ನೋಡಿ. ಹಾಕಿದ್ದರೆ ಇವತ್ತೇ ತೆಗೆಯಿರಿ.

ಇದೇ ಕಾರಣ ಎಂದು ಖಾತ್ರಿ ಮಾಡಿಕೊಳ್ಳದೆ ಖರೀದಿಗೆ ಇಳಿಯಬೇಡಿ. ಪರ್ಫಾರ್ಮೆನ್ಸ್ ಮಾನಿಟರ್‌ನಲ್ಲಿ ಒಂದು ಡೇಟಾ ಕಲೆಕ್ಟರ್ ಸೆಟ್ ಮಾಡಿ, 15 ಸೆಕೆಂಡಿಗೊಮ್ಮೆ, ಕೆಲಸ ಹೆಚ್ಚಿರುವ ಒಂದು ಇಡೀ ದಿನ ದಾಖಲಿಸಿ. ಮೆಮೊರಿ ವಿಭಾಗದಿಂದ ಅವೇಲಬಲ್ ಎಂಬೈಟ್ಸ್, ಫ್ರೀ ಸಿಸ್ಟಮ್ ಪೇಜ್ ಟೇಬಲ್ ಎಂಟ್ರೀಸ್, ಪೂಲ್ ಪೇಜ್ಡ್ ಬೈಟ್ಸ್, ಪೂಲ್ ನಾನ್‌ಪೇಜ್ಡ್ ಬೈಟ್ಸ್ ತೆಗೆದುಕೊಳ್ಳಿ (ಪೂಲ್ ಎಂದರೆ ಕರ್ನಲ್ ತನ್ನ ಕೆಲಸಕ್ಕೆ ಬಳಸುವ ಮೆಮೊರಿಯ ಭಾಗ). ಟರ್ಮಿನಲ್ ಸರ್ವಿಸಸ್ ವಿಭಾಗದಿಂದ ಆ್ಯಕ್ಟಿವ್ ಸೆಷನ್ಸ್, ಡಿಸ್ಕ್‌ನಿಂದ ಆವರೇಜ್ ಡಿಸ್ಕ್ ಸೆಕೆಂಡ್ ಪರ್ ರೀಡ್, ಪ್ರೊಸೆಸರ್ ಬಳಕೆಯೂ ಇರಲಿ. ಲಾಗಿನ್ ನಿಂತ ಗಳಿಗೆಯಲ್ಲಿ ಅವೇಲಬಲ್ ಎಂಬೈಟ್ಸ್ ಸಾವಿರಗಳಲ್ಲೇ ಇದ್ದು, ಪೇಜ್ ಟೇಬಲ್ ಎಂಟ್ರಿಗಳು 5,000ಕ್ಕಿಂತ ಕೆಳಗೆ ಬಿದ್ದಿದ್ದರೆ, ಅಥವಾ ಸಿಸ್ಟಮ್ ಲಾಗ್‌ನಲ್ಲಿ 2019, 2020 ಸಂಖ್ಯೆಯ ಈವೆಂಟ್‌ಗಳು ಬಂದಿದ್ದರೆ ಕರ್ನಲ್ ಜಾಗವೇ ಮುಗಿದಿದೆ ಎಂದರ್ಥ. 2019 ನಾನ್‌ಪೇಜ್ಡ್ ಪೂಲ್ ಖಾಲಿಯಾದದ್ದನ್ನು ಹೇಳುತ್ತದೆ, 2020 ಪೇಜ್ಡ್ ಪೂಲ್ ಖಾಲಿಯಾದದ್ದನ್ನು.

ಒಂದು ಎಚ್ಚರಿಕೆ. ಜನರ ಸಂಖ್ಯೆ ಏರದಿದ್ದರೂ ಪೂಲ್ ದಿನದಿಂದ ದಿನಕ್ಕೆ ಏರುತ್ತಲೇ ಹೋಗಿ, ರೀಬೂಟ್ ಆದಾಗ ಮಾತ್ರ ಇಳಿಯುತ್ತಿದ್ದರೆ ಯಾವುದೋ ಡ್ರೈವರ್ ಸೋರುತ್ತಿದೆ, ಅಂದರೆ ಪಡೆದ ಮೆಮೊರಿಯನ್ನು ಹಿಂದಿರುಗಿಸುತ್ತಿಲ್ಲ. ಪೂಲ್ ಬಳಕೆ ತೋರಿಸುವ ಪೂಲ್‌ಮಾನ್ ಉಪಕರಣ ಓಡಿಸಿ ಯಾವ ಟ್ಯಾಗ್ ಬೆಳೆಯುತ್ತಿದೆ ಎಂದು ಪತ್ತೆಹಚ್ಚಿ. ಪ್ರಿಂಟರ್ ಡ್ರೈವರ್‌ಗೆ ಜೊತೆಯಾಗಿ ಬಂದ ಭಾಗಗಳು, ಆ್ಯಂಟಿವೈರಸ್‌ನ ಫಿಲ್ಟರ್ ಡ್ರೈವರ್‌ಗಳ ಮೇಲೆ ಮೊದಲು ಕಣ್ಣಿಡಿ. ಸೋರುವ ಡ್ರೈವರ್ 64-ಬಿಟ್‌ನಲ್ಲೂ ಸೋರುತ್ತದೆ, ಜಾಗ ದೊಡ್ಡದಾದ್ದರಿಂದ ತಡವಾಗಿ ಕಾಣುತ್ತದೆ ಅಷ್ಟೇ.

ಅಪ್ಲಿಕೇಶನ್ ವರ್ಚುವಲೈಸೇಶನ್ ಏನನ್ನು ಮಾಡಬಲ್ಲದು?

ಹೆಸರಿನಿಂದಾಗಿ ಇದನ್ನು ಹೈಪರ್-ವಿ ಥರದ ಸರ್ವರ್ ವರ್ಚುವಲೈಸೇಶನ್ ಜೊತೆ ಬೆರೆಸಿಬಿಡುತ್ತಾರೆ. ವರ್ಚುವಲ್ ಮಷೀನ್‌ನಲ್ಲಿ ಇಡೀ ಆಪರೇಟಿಂಗ್ ಸಿಸ್ಟಮ್ ಬೇರೆ. ಅಪ್ಲಿಕೇಶನ್ ವರ್ಚುವಲೈಸೇಶನ್ ಉತ್ಪನ್ನಗಳಾದ ಆ್ಯಪ್-ವಿ, ಥಿನ್‌ಆ್ಯಪ್ ತರಹದವುಗಳಲ್ಲಿ ಬೇರೆಯಾಗುವುದು ತಂತ್ರಾಂಶದ ಫೈಲುಗಳು, ರಿಜಿಸ್ಟ್ರಿ ನಮೂದುಗಳು, ಕಾಮ್ (ಓಸಿಎಕ್ಸ್‌ನಂಥ ಬಿಡಿಭಾಗಗಳ) ನೋಂದಣಿ ಮಾತ್ರ. ಕೆಳಗಿನ ಕರ್ನಲ್ ಎಲ್ಲರಿಗೂ ಅದೇ. ತಂತ್ರಾಂಶ ಓಡಲು ಬೇಕಾದ ಮೆಮೊರಿಯೂ ಮೊದಲಿನಷ್ಟೇ, ಮೇಲೆ ಸ್ವಲ್ಪ ಹೊರೆ. ಹಾಗಾಗಿ 32-ಬಿಟ್ ಸರ್ವರ್ ಮೇಲೆ ಇದನ್ನು ಹಾಕಿದರೆ 35 ಜನರ ಮಿತಿ ಒಂದಿಷ್ಟೂ ಮೇಲೇರುವುದಿಲ್ಲ.

ಇನ್ನೊಂದು ನೇರವಾದ ಅಡ್ಡಿ ಇದೆ. ಆ್ಯಪ್-ವಿ 5 ಸರಣಿಗೆ ಕನಿಷ್ಠ ವಿಂಡೋಸ್ ಸರ್ವರ್ 2008 ಆರ್2 ಬೇಕು, ಆ ಆರ್2 ಬರುವುದೇ 64-ಬಿಟ್‌ನಲ್ಲಿ. ನಿಮ್ಮ ಈಗಿನ ಸರ್ವರ್‌ಗಳ ಮೇಲೆ ಕೂರುವುದು ಹಳೆಯ 4 ಸರಣಿ ಮಾತ್ರ. ಬೆಂಬಲ ಮುಗಿದ ಉತ್ಪನ್ನವನ್ನು, 2020ರ ಜನವರಿಗೇ ಬೆಂಬಲ ಮುಗಿದ ಆಪರೇಟಿಂಗ್ ಸಿಸ್ಟಮ್ ಮೇಲೆ ಹೊಸದಾಗಿ ಹೂಡುವುದನ್ನು ನಾನು ಯಾರಿಗೂ ಹೇಳಲಾರೆ.

ಅದು ಚೆನ್ನಾಗಿ ಮಾಡುವ ಕೆಲಸವೆಂದರೆ ತಂತ್ರಾಂಶ-ತಂತ್ರಾಂಶಗಳ ಜಗಳ ಬಿಡಿಸುವುದು. ನಿಮ್ಮ ಓಸಿಎಕ್ಸ್ ಕಥೆ ಅದಕ್ಕೆ ತಕ್ಕ ಉದಾಹರಣೆ. ಓಸಿಎಕ್ಸ್ ನೋಂದಣಿ ಇಡೀ ಯಂತ್ರಕ್ಕೆ ಒಂದೇ ಆದ್ದರಿಂದ ಕೊನೆಗೆ ಇನ್‌ಸ್ಟಾಲ್ ಆದದ್ದು ಗೆಲ್ಲುತ್ತದೆ, ಮೊದಲನೆಯದು ಮುರಿಯುತ್ತದೆ. ಒಂದನ್ನು ಪ್ಯಾಕೇಜ್ ಒಳಗಿಟ್ಟರೆ ಅದು ತನ್ನ ಆವೃತ್ತಿಯನ್ನೇ ನೋಡುತ್ತದೆ, ಇನ್ನೊಂದು ಯಂತ್ರದ್ದನ್ನು ನೋಡುತ್ತದೆ. ಅಷ್ಟಾದರೆ ನಿಮ್ಮ ಜನ ಎರಡು ಸರ್ವರ್‌ಗಳಿಗೆ ಎರಡು ಸಲ ಲಾಗಿನ್ ಆಗುವುದು ತಪ್ಪುತ್ತದೆ, ಒಂದು ಸರ್ವರ್ ಕೆಟ್ಟರೂ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ.

64-ಬಿಟ್‌ಗೆ ಹೋದರೆ ಏನು ಸಿಗುತ್ತದೆ, ಏನು ಮುರಿಯುತ್ತದೆ?

ಕರ್ನಲ್‌ನ ಇಕ್ಕಟ್ಟು ಪೂರ್ತಿ ಹೋಗುತ್ತದೆ. ವಿಂಡೋಸ್ ಸರ್ವರ್ 2012 ಆರ್2ರಿಂದೀಚೆಗೆ ಕರ್ನಲ್‌ಗೆ 128 ಟಿಬಿ ವಿಳಾಸದ ಜಾಗವಿದೆ. ಆದರೆ "ವೇಗ ದುಪ್ಪಟ್ಟಾಗುತ್ತದೆ" ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ. ನಿಮ್ಮ ವಿಬಿ6 ತಂತ್ರಾಂಶಗಳು ಅಲ್ಲಿಯೂ 32-ಬಿಟ್ ಆಗಿಯೇ, ವಾವ್64 ಎಂಬ ಪದರದ ಮೇಲೆ ಓಡುತ್ತವೆ. ವಿಬಿ6 ರನ್‌ಟೈಮ್ ಅಲ್ಲಿ ತೊಂದರೆಯಿಲ್ಲದೆ ನಡೆಯುತ್ತದೆ. ಒಬ್ಬರ ಕೆಲಸದ ವೇಗ ಮೊದಲಿನಂತೆಯೇ ಇರುತ್ತದೆ, ಹೆಚ್ಚು ಜನ ಹಿಡಿಸುತ್ತಾರೆ. 64-ಬಿಟ್‌ನಲ್ಲಿ ಪಾಯಿಂಟರ್‌ಗಳು 8 ಬೈಟ್ ಆಗುವುದರಿಂದ ಒಂದೊಂದು ಸೆಷನ್‌ಗೆ ರ‍್ಯಾಮ್ ಮೊದಲಿಗಿಂತ ಹೆಚ್ಚೇ ಬೇಕು.

ಇದಕ್ಕೆ ಲೆಕ್ಕ ಹೀಗೆ ಹಾಕಿ: ಪರೀಕ್ಷೆಯ 64-ಬಿಟ್ ಸರ್ವರ್‌ನಲ್ಲಿ ನಾಲ್ಕೈದು ಜನರನ್ನು ನಿಜವಾದ ಕೆಲಸಕ್ಕೆ ಕೂರಿಸಿ, ಒಂದೊಂದು ಸೆಷನ್‌ನ ಎಲ್ಲ ಪ್ರಾಸೆಸ್‌ಗಳ ಪ್ರೈವೇಟ್ ವರ್ಕಿಂಗ್ ಸೆಟ್ ಕೂಡಿಸಿ. ಅದು 300 ಎಂಬಿ ಬಂತು ಅಂದುಕೊಳ್ಳಿ. 80 ಜನಕ್ಕೆ 24 ಜಿಬಿ, ಸಿಸ್ಟಮ್‌ಗೆ 4 ಜಿಬಿ, ಮೇಲೆ ಕಾಲು ಭಾಗ ಹೆಚ್ಚುವರಿ, ಒಟ್ಟು 35 ಜಿಬಿ. ಅದನ್ನು ಒಂದೇ ದೊಡ್ಡ ಸರ್ವರ್ ಮಾಡಬೇಡಿ. ತಲಾ 24 ಜಿಬಿಯ ಎರಡು ಸೆಷನ್ ಹೋಸ್ಟ್ (ಟರ್ಮಿನಲ್ ಸರ್ವರ್‌ನ ಈಗಿನ ಹೆಸರು) ಮಾಡಿದರೆ ಒಂದು ಬಿದ್ದಾಗ ಅರ್ಧ ಜನರ ಕೆಲಸವಾದರೂ ಉಳಿಯುತ್ತದೆ. ಒಂದರಲ್ಲೇ ಎಲ್ಲರನ್ನೂ ತಡೆದುಕೊಳ್ಳುವಷ್ಟು ಬೇಕೆಂದರೆ ತಲಾ 40 ಜಿಬಿ ಇಡಿ. ಡಿಸ್ಕ್ ಮರೆಯಬೇಡಿ. ಇಷ್ಟು ದಿನ 35 ಜನಕ್ಕೇ ಬಾಗಿಲು ಮುಚ್ಚುತ್ತಿದ್ದುದರಿಂದ ಡಿಸ್ಕ್‌ನ ದೌರ್ಬಲ್ಯ ಗೊತ್ತಾಗಿರುವುದಿಲ್ಲ. ಬೆಳಗ್ಗೆ ಎಲ್ಲರೂ ಒಟ್ಟಿಗೆ ಲಾಗಿನ್ ಆಗುವ ಹೊತ್ತಿಗೆ ಅದು ಹೊರಬೀಳುತ್ತದೆ. ಪ್ರೊಫೈಲ್‌ಗಳು ಎಸ್‌ಎಸ್‌ಡಿ ಮೇಲಿರಲಿ.

ಹಳೆಯ ಯಂತ್ರದ ಪ್ರೊಸೆಸರ್ ಬಹುಶಃ 64-ಬಿಟ್‌ನದೇ ಇರುತ್ತದೆ, 32-ಬಿಟ್ ಆಗಿರುವುದು ಮೇಲೆ ಹಾಕಿದ ವಿಂಡೋಸ್ ಮಾತ್ರ. ಹಾಗೆಂದು ಇನ್-ಪ್ಲೇಸ್ ಅಪ್‌ಗ್ರೇಡ್ ಆಗುವುದಿಲ್ಲ. 32ರಿಂದ 64ಕ್ಕೆ ಹೋಗಲು ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು. ನನ್ನ ಸಲಹೆ ವಿಂಡೋಸ್ ಸರ್ವರ್ 2022, ಅದಕ್ಕೆ 2031ರ ಅಕ್ಟೋಬರ್‌ವರೆಗೆ ವಿಸ್ತೃತ ಬೆಂಬಲ ಇದೆ. ಹಳೆಯ ಆರ್‌ಡಿಎಸ್ (ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್) ಕ್ಲೈಂಟ್ ಪರವಾನಗಿಗಳು ಹೊಸ ಸರ್ವರ್‌ಗೆ ಸಲ್ಲುವುದಿಲ್ಲ, ಅವನ್ನು ಹೊಸದಾಗಿ ಕೊಳ್ಳಬೇಕು. ಹಾರ್ಡ್‌ವೇರ್ ಲೆಕ್ಕ ಹಾಕುವಾಗ ಇದನ್ನು ಬಿಟ್ಟುಬಿಟ್ಟು ಆಮೇಲೆ ಪರದಾಡುವವರು ಬಹಳ. 120 ದಿನದ ವಿನಾಯಿತಿ ಅವಧಿ ಇದೆ, ಅದರೊಳಗೆ ಪರೀಕ್ಷೆ ಮುಗಿಸಿಕೊಳ್ಳಿ.

ಖರ್ಚಿನ ಮಾತಿಗೆ ಬಂದರೆ, ಆರ್‌ಡಿಎಸ್ ಪರವಾನಗಿಯಲ್ಲೇ ಸೆಷನ್ ಹೋಸ್ಟ್ ಮೇಲೆ ಆ್ಯಪ್-ವಿ ಬಳಸುವ ಹಕ್ಕು ಸೇರಿದೆ. ವಿಂಡೋಸ್ ಸರ್ವರ್ 2016ರಿಂದ ಅದರ ಕ್ಲೈಂಟ್ ಸಿಸ್ಟಮ್ ಒಳಗೇ ಬರುತ್ತದೆ. ಪವರ್‌ಶೆಲ್‌ನಲ್ಲಿ ಎನೇಬಲ್-ಆ್ಯಪ್‌ವಿ ಕೊಟ್ಟರೆ ಚಾಲೂ ಆಗುತ್ತದೆ. ಆ್ಯಪ್-ವಿಯ ಮ್ಯಾನೇಜ್‌ಮೆಂಟ್ ಸರ್ವರ್‌ಗೆ ಕೊಟ್ಟಿರುವ ಬೆಂಬಲದ ಗಡುವು 2026ರ ಏಪ್ರಿಲ್, ಅದನ್ನು ಹೂಡಬೇಡಿ. ಎರಡು ಹೋಸ್ಟ್‌ಗಳಿಗೆ ಅದು ಬೇಕೂ ಇಲ್ಲ. ಪ್ಯಾಕೇಜನ್ನು ಪವರ್‌ಶೆಲ್‌ನಿಂದ ಸೇರಿಸಿ, ಗ್ಲೋಬಲ್ ಎಂದು ಪಬ್ಲಿಶ್ ಮಾಡಿದರೆ ಸಾಕು.

ಇನ್ನು ಮುರಿಯುವ ಜಾಗಗಳು. ಇವುಗಳ ಮೇಲೆ ಹೆಚ್ಚು ಹೊತ್ತು ಕಳೆಯಿರಿ, ಸ್ಥಳಾಂತರ ಹಳಿ ತಪ್ಪುವುದು ಇಲ್ಲೇ.

ಎಲ್ಲಕ್ಕಿಂತ ಮೊದಲು ಓಡಿಬಿಸಿ, ಅಂದರೆ ತಂತ್ರಾಂಶವನ್ನು ಡೇಟಾಬೇಸ್‌ಗೆ ಜೋಡಿಸುವ ಪದರ. 64-ಬಿಟ್ ವಿಂಡೋಸ್‌ನಲ್ಲಿ ಎರಡು ಓಡಿಬಿಸಿ ಅಡ್ಮಿನಿಸ್ಟ್ರೇಟರ್‌ಗಳಿವೆ. 64-ಬಿಟ್‌ನದರಲ್ಲಿ ಡಿಎಸ್‌ಎನ್ (ಆ ಜೋಡಣೆಗೆ ಕೊಡುವ ಹೆಸರು) ಮಾಡಿ, ಅದರ ಟೆಸ್ಟ್ ಬಟನ್ ಒತ್ತಿ, "ಸಕ್ಸೆಸ್" ಬಂದದ್ದನ್ನೂ ನೋಡಿ, ಲೆಕ್ಕಪತ್ರ ತೆರೆದರೆ "ಡೇಟಾ ಸೋರ್ಸ್ ನೇಮ್ ನಾಟ್ ಫೌಂಡ್" ಎನ್ನುತ್ತದೆ. 32-ಬಿಟ್ ತಂತ್ರಾಂಶಕ್ಕೆ 32-ಬಿಟ್ ಡ್ರೈವರ್ ಇರಬೇಕು, ಅದರ ಸಿಸ್ಟಮ್ ಡಿಎಸ್‌ಎನ್ ಅನ್ನು ಸಿಸ್‌ವಾವ್64 ಫೋಲ್ಡರ್‌ನಲ್ಲಿರುವ ಅಡ್ಮಿನಿಸ್ಟ್ರೇಟರ್‌ನಿಂದಲೇ ಮಾಡಬೇಕು. ಹೆಸರು ಗೊಂದಲ ಹುಟ್ಟಿಸುತ್ತದೆ: ಸಿಸ್‌ವಾವ್64 ಒಳಗಿರುವುದು 32-ಬಿಟ್ ಫೈಲುಗಳು, ಸಿಸ್ಟಮ್32 ಒಳಗಿರುವುದು 64-ಬಿಟ್‌ನವು. ಓಸಿಎಕ್ಸ್ ನೋಂದಾಯಿಸುವಾಗಲೂ ಸಿಸ್‌ವಾವ್64ರ ರೆಗ್‌ಎಸ್‌ವಿಆರ್32 ಬಳಸಿ. ಆ್ಯಕ್ಸೆಸ್ ಡೇಟಾಬೇಸ್‌ಗೆ ಜೆಟ್ 4.0 ಪ್ರೊವೈಡರ್ ಬಳಸುವ ಭಾಗವಿದ್ದರೆ ಅದು 32-ಬಿಟ್‌ನಲ್ಲಿ ಮಾತ್ರ ಸಿಗುತ್ತದೆ. ತಂತ್ರಾಂಶ ಎಕ್ಸೆಲ್‌ನೊಳಗೆ ಲೋಡ್ ಆಗುವ ಆ್ಯಡ್-ಇನ್ ಹಾಕಿಕೊಂಡಿದ್ದರೆ ಆಫೀಸ್ ಕೂಡ 32-ಬಿಟ್‌ನದೇ ಇರಲಿ, 64-ಬಿಟ್ ಪ್ರಾಸೆಸ್‌ನೊಳಗೆ 32-ಬಿಟ್ ಡಿಎಲ್‌ಎಲ್ ಲೋಡ್ ಆಗುವುದಿಲ್ಲ.

"ಪ್ರೋಗ್ರಾಂ ಫೈಲ್ಸ್" ಎಂಬ ದಾರಿಯನ್ನು ಕೋಡ್‌ನೊಳಗೇ ಬರೆದಿಟ್ಟ ತಂತ್ರಾಂಶಗಳೂ ಎಡವುತ್ತವೆ. 32-ಬಿಟ್‌ನವು ಅಲ್ಲಿ ಎಕ್ಸ್86 ಎಂದು ಗುರುತಿರುವ ಬೇರೆ ಫೋಲ್ಡರ್‌ಗೆ ಹೋಗುತ್ತವೆ. ಇದೇ ಕಾರಣಕ್ಕೆ ಹಳೆಯ ರೋಮಿಂಗ್ ಪ್ರೊಫೈಲ್‌ಗಳನ್ನು ಹೊಸ ಸರ್ವರ್‌ಗೆ ಎಳೆದು ತರಬೇಡಿ. ಹೊಸ ಪ್ರೊಫೈಲ್ ಕೊಟ್ಟು, ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಫೋಲ್ಡರ್‌ಗಳನ್ನು ಮಾತ್ರ ರೀಡೈರೆಕ್ಟ್ ಮಾಡಿ. ಸೆಷನ್ ಹೋಸ್ಟ್ ಮೇಲೆ ಯಾವುದನ್ನೇ ಇನ್‌ಸ್ಟಾಲ್ ಮಾಡುವ ಮುಂಚೆ ಚೇಂಜ್ ಯೂಸರ್ /ಇನ್‌ಸ್ಟಾಲ್, ಮುಗಿದ ಮೇಲೆ ಚೇಂಜ್ ಯೂಸರ್ /ಎಕ್ಸಿಕ್ಯೂಟ್ ಕೊಡಿ. ಇದನ್ನು ಬಿಟ್ಟರೆ ಇನ್‌ಸ್ಟಾಲ್ ಮಾಡಿದವರಿಗೆ ತಂತ್ರಾಂಶ ತೆರೆಯುತ್ತದೆ, ಉಳಿದವರಿಗೆ ಸೆಟ್ಟಿಂಗ್ ಸಿಗದೆ ಕೆಡುತ್ತದೆ.

ಡ್ರೈವರ್‌ಗಳ ವಿಷಯದಲ್ಲಿ ರಾಜಿ ಇಲ್ಲ. ಕರ್ನಲ್‌ಗೆ ಹೋಗುವುದೆಲ್ಲ 64-ಬಿಟ್‌ನದಾಗಿರಬೇಕು, ಸಹಿ ಇರಬೇಕು. ಸಾಮಾನ್ಯ ಪ್ರಿಂಟರ್‌ಗಳಿಗೆ ವಿಂಡೋಸ್‌ನದೇ ಈಸಿ ಪ್ರಿಂಟ್ (ಸರ್ವರ್ ಮೇಲೆ ಬೇರೆ ಡ್ರೈವರ್ ಬೇಡದ ಏರ್ಪಾಡು) ಸಾಕು. ಲೇಬಲ್ ಪ್ರಿಂಟರ್‌ನಂಥವನ್ನು ಮಾತ್ರ ಒಂದೊಂದಾಗಿ ಪರೀಕ್ಷಿಸಿ.

ನಿಮ್ಮ ನಾಲ್ಕು ತಂತ್ರಾಂಶಗಳಿಗೆ ಬಂದರೆ

ಸಿಸ್‌ಇಂಟರ್ನಲ್ಸ್‌ನ ಸಿಗ್‌ಚೆಕ್ ಉಪಕರಣವನ್ನು ಪ್ರತಿ ಎಕ್ಸಿ ಫೈಲಿನ ಮೇಲೆ ಓಡಿಸಿ. ಅದು 16, 32, 64 ಯಾವುದೆಂದು ಹೇಳುತ್ತದೆ. ಸೆಟಪ್ ಫೈಲುಗಳ ಮೇಲೂ ಓಡಿಸಿ, ಏಕೆಂದರೆ ತಂತ್ರಾಂಶ 32-ಬಿಟ್ ಇದ್ದರೂ ಹಳೆಯ ಇನ್‌ಸ್ಟಾಲರ್ 16-ಬಿಟ್ ಆಗಿರುವುದುಂಟು. ಇನ್‌ಸ್ಟಾಲ್‌ಶೀಲ್ಡ್‌ನ ಕೆಲವು ಹಳೆಯ ಆವೃತ್ತಿಗಳನ್ನು ವಿಂಡೋಸ್ ಗುರುತಿಸಿ ತಾನೇ 32-ಬಿಟ್ ಎಂಜಿನ್‌ಗೆ ಬದಲಿಸುತ್ತದೆ, ಉಳಿದವು ಮುಂದೆ ಹೋಗುವುದಿಲ್ಲ.

ಲೆಕ್ಕಪತ್ರದ ತಂತ್ರಾಂಶವನ್ನು ನೇರವಾಗಿ ಇನ್‌ಸ್ಟಾಲ್ ಮಾಡಿ. ಹೆಚ್ಚು ಜನ ಬಳಸುವುದು ಅದು, ಪದೇ ಪದೇ ಅಪ್‌ಡೇಟ್ ಬರುವುದೂ ಬಹುಶಃ ಅದಕ್ಕೇ. ಪದೇ ಪದೇ ಬದಲಾಗುವುದನ್ನು ಪ್ಯಾಕೇಜ್ ಮಾಡಿದರೆ ಪ್ರತಿ ಅಪ್‌ಡೇಟ್‌ಗೂ ಪ್ಯಾಕೇಜ್ ಮತ್ತೆ ಕಟ್ಟಬೇಕು. ಅದು ಯಾರ ಕೆಲಸ ಎಂದು ಮೊದಲೇ ಗೊತ್ತುಮಾಡಿಕೊಳ್ಳದ ಕಡೆ ಆರು ತಿಂಗಳಲ್ಲಿ ಪ್ಯಾಕೇಜ್ ಹಳತಾಗಿರುತ್ತದೆ.

ದಾಸ್ತಾನಿನ ತಂತ್ರಾಂಶವೇ ವರ್ಚುವಲೈಸ್ ಮಾಡಬೇಕಾದದ್ದು. ಅದಕ್ಕೂ ಮುಂಚೆ ಒಂದು ಸರಳ ಉಪಾಯ ಮಾಡಿ ನೋಡಿ: ಅದಕ್ಕೆ ಬೇಕಾದ ಓಸಿಎಕ್ಸ್ ಆವೃತ್ತಿಯನ್ನು ಅದರದೇ ಫೋಲ್ಡರ್‌ನಲ್ಲಿಟ್ಟು, ಮ್ಯಾನಿಫೆಸ್ಟ್ ಫೈಲಿನಲ್ಲಿ ಆ ಕಾಂಪೊನೆಂಟ್‌ನ ವಿವರ ಬರೆದರೆ ನೋಂದಣಿಯೇ ಬೇಕಾಗುವುದಿಲ್ಲ. ತಯಾರಕರು ಸಿಗುವಂತಿದ್ದರೆ ಅರ್ಧ ದಿನದ ಕೆಲಸ. ಅದು ಆಗದಿದ್ದರೆ ಆ್ಯಪ್-ವಿ. ಸೀಕ್ವೆನ್ಸರ್ (ಪ್ಯಾಕೇಜ್ ಕಟ್ಟುವ ಉಪಕರಣ) ಓಡಿಸುವ ಯಂತ್ರ ಹೋಸ್ಟ್‌ನದೇ ವಿಂಡೋಸ್ ಆವೃತ್ತಿಯ, ಬೇರೇನೂ ಹಾಕದ ವರ್ಚುವಲ್ ಮಷೀನ್ ಆಗಿರಲಿ. ಆ್ಯಂಟಿವೈರಸ್, ವಿಂಡೋಸ್ ಅಪ್‌ಡೇಟ್, ಸರ್ಚ್ ಸರ್ವಿಸ್ ನಿಲ್ಲಿಸಿ ಸ್ನ್ಯಾಪ್‌ಶಾಟ್ ತೆಗೆಯಿರಿ. ಓಡಿಬಿಸಿ ಡ್ರೈವರ್ ಪ್ಯಾಕೇಜ್ ಒಳಗೆ ಬರಬೇಕೋ ಹೋಸ್ಟ್ ಮೇಲಿರಬೇಕೋ ಮೊದಲೇ ನಿರ್ಧರಿಸಿ. ಎರಡು ತಂತ್ರಾಂಶಕ್ಕೂ ಅದೇ ಡ್ರೈವರ್ ಆದರೆ ಹೋಸ್ಟ್ ಮೇಲಿಡಿ, ಆಗ ಅದನ್ನು ಸೀಕ್ವೆನ್ಸರ್‌ನಲ್ಲಿ ರೆಕಾರ್ಡಿಂಗ್‌ಗೆ ಮುಂಚೆಯೇ ಹಾಕಿರಬೇಕು. ರೆಕಾರ್ಡಿಂಗ್ ನಡೆಯುವಾಗ ತಂತ್ರಾಂಶವನ್ನು ಎರಡು ಸಲ ತೆರೆದು ಮುಚ್ಚಿ, ಮೊದಲ ಸಲದ ಪ್ರಶ್ನೆಗಳಿಗೆ ಉತ್ತರ ಕೊಟ್ಟುಬಿಡಿ, ಆಟೋ-ಅಪ್‌ಡೇಟ್ ನಿಲ್ಲಿಸಿ. ಸೇವ್ ಆದ ಮೇಲೆ ಸ್ನ್ಯಾಪ್‌ಶಾಟ್‌ಗೆ ಹಿಂದಿರುಗಿ. ಅದೇ ಯಂತ್ರದಲ್ಲಿ ಮುಂದುವರಿದು ಇನ್ನೊಂದು ಪ್ಯಾಕೇಜ್ ಮಾಡಿದರೆ ಹಿಂದಿನದರ ಫೈಲುಗಳನ್ನು ಸೀಕ್ವೆನ್ಸರ್ ಆಗಲೇ ಇದ್ದವು ಎಂದು ತಿಳಿದು ಬಿಟ್ಟುಬಿಡುತ್ತದೆ. ಆ ಪ್ಯಾಕೇಜ್ ಸೀಕ್ವೆನ್ಸರ್ ಯಂತ್ರದಲ್ಲಿ ಓಡಿ, ಹೋಸ್ಟ್ ಮೇಲೆ ಓಡುವುದಿಲ್ಲ.

ಮೈಕ್ರೋಸಾಫ್ಟ್‌ನ ಹೊಸ ಪ್ಯಾಕೇಜ್ ಮಾದರಿಯಾದ ಎಂಎಸ್‌ಐಎಕ್ಸ್ ಬಗ್ಗೆಯೂ ನಿಮಗೆ ಯಾರಾದರೂ ಹೇಳಬಹುದು. ಅದರಲ್ಲಿ ಪ್ಯಾಕೇಜ್‌ಗೆ ಡಿಜಿಟಲ್ ಸಹಿ ಕಡ್ಡಾಯ, ತಂತ್ರಾಂಶ ತನ್ನ ಇನ್‌ಸ್ಟಾಲ್ ಫೋಲ್ಡರ್‌ನಲ್ಲಿ ಬರೆಯುವಂತಿಲ್ಲ. ಐಎನ್‌ಐ ಫೈಲನ್ನು ತನ್ನ ಫೋಲ್ಡರ್‌ನಲ್ಲೇ ತಿದ್ದುವುದು ವಿಬಿ6 ಕಾಲದ ತಂತ್ರಾಂಶಗಳ ರೂಢಿ. ಪ್ಯಾಕೇಜ್ ಸಪೋರ್ಟ್ ಫ್ರೇಮ್‌ವರ್ಕ್ ಹಾಕಿ ದಾಟಿಸಬಹುದು, ಆದರೆ ಒಂದು ತಂತ್ರಾಂಶಕ್ಕಾಗಿ ಅಷ್ಟು ಕಷ್ಟ ಬೇಡ.

ಸಂಬಳದ ತಂತ್ರಾಂಶದ ಡಾಂಗಲ್‌ಗೆ ಡ್ರೈವರ್ ಬೇಕು, ಡ್ರೈವರನ್ನು ಆ್ಯಪ್-ವಿಯೂ ಎಂಎಸ್‌ಐಎಕ್ಸ್‌ನೂ ಪ್ಯಾಕೇಜ್‌ನೊಳಗೆ ಓಡಿಸುವುದಿಲ್ಲ. ತಯಾರಕರಿಂದ 64-ಬಿಟ್ ಡ್ರೈವರ್ ಇದೆಯೋ ಎಂದು ಲಿಖಿತವಾಗಿ ಕೇಳಿ. ಹೋಸ್ಟ್‌ಗಳು ಹೈಪರ್-ವಿ ಮೇಲಿದ್ದರೆ ಅಲ್ಲಿ ಯುಎಸ್‌ಬಿಯನ್ನು ನೇರವಾಗಿ ಒಳಗೆ ಕೊಡಲು ಬರುವುದಿಲ್ಲ. ನೆಟ್‌ವರ್ಕ್ ಡಾಂಗಲ್ ಅಥವಾ ತಂತ್ರಾಂಶ ರೂಪದ ಪರವಾನಗಿಗೆ ಬದಲಿಸಿಕೊಡಲು ಕೇಳಿ. ಸಂಬಳದ ಕೆಲಸ ಮಾಡುವವರು ಎರಡು-ಮೂರು ಜನರೇ ಆಗಿದ್ದರೆ ಅದನ್ನು ಸರ್ವರ್‌ನಿಂದ ತೆಗೆದು, ಬೀಗವಿರುವ ಕೋಣೆಯ ಒಂದು ಪಿಸಿಯಲ್ಲಿ ಡಾಂಗಲ್ ಚುಚ್ಚಿ ಇಡುವುದೂ ಗೌರವಸ್ಥ ಪರಿಹಾರವೇ.

16-ಬಿಟ್ ವರದಿ ಪ್ರೋಗ್ರಾಂ 64-ಬಿಟ್ ವಿಂಡೋಸ್‌ನಲ್ಲಿ ಓಡುವುದಿಲ್ಲ, ಪ್ಯಾಕೇಜ್ ಒಳಗೆ ಹಾಕಿದರೂ ಓಡುವುದಿಲ್ಲ. ಅದನ್ನು ಓಡಿಸುತ್ತಿದ್ದ ಎನ್‌ಟಿವಿಡಿಎಂ ಭಾಗವೇ ಅಲ್ಲಿಲ್ಲ. ಆ್ಯಪ್-ವಿ ಹಾಕಿದರೆ ಹಳೆಯದೆಲ್ಲ ನಡೆಯುತ್ತದೆ ಎಂಬ ಭರವಸೆ ಯಾರಾದರೂ ಕೊಟ್ಟಿದ್ದರೆ ಈ ಪ್ರೋಗ್ರಾಂ ಮೇಲೆ ಮಾಡಿ ತೋರಿಸಲು ಹೇಳಿ. ದಾರಿ ಎರಡು. ಆ ವರದಿ ಓದುವ ಮಾಹಿತಿ ಎಲ್ಲಿದೆ ಎಂದು ನೋಡಿ, ಅದೇ ವರದಿಯನ್ನು ಈಗಿನ ಉಪಕರಣದಲ್ಲಿ ಮತ್ತೆ ಬರೆಸುವುದು ಒಂದು. ಬಳಕೆಯಲ್ಲಿರುವ ವರದಿಗಳು ಹತ್ತಿಪ್ಪತ್ತರೊಳಗಿದ್ದರೆ ಇದೇ ಒಳ್ಳೆಯದು. ಇಲ್ಲವಾದರೆ 32-ಬಿಟ್ ವಿಂಡೋಸ್‌ನ ಒಂದು ಪುಟ್ಟ ವರ್ಚುವಲ್ ಮಷೀನ್‌ನಲ್ಲಿ 2 ಜಿಬಿ ರ‍್ಯಾಮ್ ಕೊಟ್ಟು ಅದನ್ನು ಕೂರಿಸಿ. ಭದ್ರತಾ ಅಪ್‌ಡೇಟ್ ಬಾರದ ಯಂತ್ರವದು: ಪ್ರತ್ಯೇಕ ವಿಎಲ್‌ಎಎನ್‌ನಲ್ಲಿಡಿ (ನೆಟ್‌ವರ್ಕ್‌ನ ಬೇರ್ಪಡಿಸಿದ ಭಾಗ), ಇಂಟರ್‌ನೆಟ್ ಮುಚ್ಚಿ, ಸೆಷನ್ ಹೋಸ್ಟ್‌ನಿಂದ ಆರ್‌ಡಿಪಿ (ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕ) ಮತ್ತು ಮಾಹಿತಿಯ ಸರ್ವರ್‌ಗೆ ಬೇಕಾದ ಒಂದು ಪೋರ್ಟ್ ಬಿಟ್ಟು ಉಳಿದದ್ದೆಲ್ಲ ಬಂದ್ ಮಾಡಿ. ಡೊಮೇನ್ ಅಡ್ಮಿನ್ ಪಾಸ್‌ವರ್ಡ್‌ನಿಂದ ಅದಕ್ಕೆ ಯಾವತ್ತೂ ಲಾಗಿನ್ ಆಗಬೇಡಿ.

ಪರೀಕ್ಷೆಗೆ ಐದಾರು ಜನರನ್ನು ಆರಿಸುವಾಗ ಕಂಪ್ಯೂಟರ್ ಚೆನ್ನಾಗಿ ಬಲ್ಲವರನ್ನೇ ಆರಿಸುವ ರೂಢಿ ಇದೆ. ಅವರು ಅಡ್ಡಿ ಬಂದರೆ ಸುತ್ತುದಾರಿ ಹುಡುಕಿಕೊಂಡು ಸುಮ್ಮನಾಗುತ್ತಾರೆ, ನಿಮಗೆ ದೋಷ ತಿಳಿಯುವುದಿಲ್ಲ. ತಿಂಗಳ ಕೊನೆಯ ಲೆಕ್ಕ ಮುಗಿಸುವವರು, ಲೇಬಲ್ ಅಚ್ಚು ಹಾಕುವವರು, ಎಕ್ಸೆಲ್‌ಗೆ ವರದಿ ತೆಗೆಯುವವರು ತಲಾ ಒಬ್ಬರಾದರೂ ಇರಲಿ. ಹೊಸ ಹೋಸ್ಟ್‌ಗಳ ಮೇಲೆ ಒಂದು ತಿಂಗಳ ಲೆಕ್ಕ ಪೂರ್ತಿ ಮುಗಿಯುವವರೆಗೆ ಹಳೆಯ ಎರಡೂ ಸರ್ವರ್‌ಗಳನ್ನು ನೆಟ್‌ವರ್ಕ್‌ನಿಂದ ತೆಗೆದು ಆಫ್ ಮಾಡಿಡಿ, ಆದರೆ ಅಳಿಸಬೇಡಿ.